ಫ್ರೀಲಾನ್ಸ್ ಬರಹಗಾರರಿಗೆ ಸ್ವಂತ ವೆಬ್‌ಸೈಟ್ ಬೇಕೇ?

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ತರಗತಿಯಲ್ಲಿ ಸ್ವಉದ್ಯೋಗದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ: "ಮೇಡಂ, ಬರೆದು ಸಂಪಾದನೆ ಮಾಡಬೇಕೆಂದರೆ ಮೊದಲು ವೆಬ್‌ಸೈಟ್ ಮಾಡಿಸಬೇಕಾ?" ಕೇಳುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿನಿಯರು. ಪದವಿ ಮುಗಿದ ಮೇಲೆ ದೂರದ ಊರಿಗೆ ಕೆಲಸಕ್ಕೆ ಹೋಗಲು ಸಾಧ್ಯವಾಗದವರು, ಓದಿನ ಜೊತೆಗೆ ತಮ್ಮ ಶುಲ್ಕವನ್ನಾದರೂ ತಾವೇ ಭರಿಸಬೇಕೆಂದು ಬಯಸುವವರು, ಮನೆಯಲ್ಲೇ ಕುಳಿತು ಮಾಡಬಹುದಾದ ಗೌರವದ ಕೆಲಸವೊಂದನ್ನು ಹುಡುಕುತ್ತಿರುವವರು ಈ ಪ್ರಶ್ನೆ ಕೇಳುತ್ತಾರೆ. ಅವರ ಕೈಯಲ್ಲಿರುವ ಹಣ ಕಡಿಮೆ, ಬಿಡುವಿನ ಸಮಯ ಅದಕ್ಕಿಂತ ಕಡಿಮೆ. ಹಾಗಾಗಿ ಉತ್ತರವನ್ನು ಲೆಕ್ಕ ಹಾಕಿಯೇ ಹೇಳಬೇಕು.

ನಾನು ವ್ಯವಹಾರ ಅಧ್ಯಯನದ ಉಪನ್ಯಾಸಕಿ. ಪಾಠದ ಸಮಯ ಬಿಟ್ಟು ಪತ್ರಿಕೆಗಳಿಗೆ ಲೇಖನ ಬರೆಯುತ್ತೇನೆ, ಇಂಗ್ಲಿಷ್ ಮತ್ತು ಉರ್ದುವಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ನನ್ನದೂ ಒಂದು ಚಿಕ್ಕ ವೆಬ್‌ಸೈಟ್ ಇದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತೋರಿಸಲು ಒಳ್ಳೆಯ ಬರಹ ಇರುವವರಿಗೆ ಸ್ವಂತ ವೆಬ್‌ಸೈಟ್‌ನಿಂದ ಖಂಡಿತ ಪ್ರಯೋಜನವಿದೆ. ಬರಹವೇ ಇಲ್ಲದವರಿಗೆ ಅದು ಖಾಲಿ ಅಂಗಡಿಗೆ ಹಾಕಿದ ಬೋರ್ಡು. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಫ್ರೀಲಾನ್ಸ್ ಬರಹಗಾರ ಎಂದರೆ ಯಾರು?

ಒಂದೇ ಸಂಸ್ಥೆಯ ಸಂಬಳಕ್ಕೆ ದುಡಿಯದೆ, ಹಲವರಿಗೆ ಕೆಲಸ ಮಾಡಿಕೊಟ್ಟು ಪ್ರತಿ ಕೆಲಸಕ್ಕೂ ಪ್ರತ್ಯೇಕ ಸಂಭಾವನೆ ಪಡೆಯುವವರು ಫ್ರೀಲಾನ್ಸ್ ಬರಹಗಾರರು. ಕನ್ನಡ ಪತ್ರಿಕೆಗಳಲ್ಲಿ ಇವರನ್ನು 'ಹವ್ಯಾಸಿ ಬರಹಗಾರ', 'ಹವ್ಯಾಸಿ ಪತ್ರಕರ್ತ' ಎಂದು ಕರೆಯುವ ರೂಢಿಯಿದೆ. ಆದರೆ ಹವ್ಯಾಸ ಎಂದರೆ ಬಿಡುವಿನ ಖುಷಿ. ಇದನ್ನೇ ನಂಬಿ ಬದುಕುವವರೂ ಇದ್ದಾರೆ. ಆದ್ದರಿಂದ ಈ ಲೇಖನದಲ್ಲಿ ಫ್ರೀಲಾನ್ಸ್ ಎಂಬ ಪದವನ್ನೇ ಬಳಸುತ್ತೇನೆ.

ಈ ಕೆಲಸದ ವ್ಯಾಪ್ತಿ ದೊಡ್ಡದು. ಪತ್ರಿಕೆಯ ಲೇಖನ, ಪುಸ್ತಕದ ಅನುವಾದ, ಕಂಪನಿಯ ಕರಪತ್ರ, ಆಸ್ಪತ್ರೆಯ ಆರೋಗ್ಯ ಮಾಹಿತಿ, ವಿಡಿಯೋದ ಅಡಿಬರಹ, ಪಠ್ಯಪೂರಕ ಸಾಮಗ್ರಿ, ಕರಡು ತಿದ್ದುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ನಮ್ಮ ಕರಾವಳಿಯ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಅನುಕೂಲವಿದೆ. ಮನೆಯಲ್ಲಿ ಬ್ಯಾರಿ, ರಸ್ತೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮದರಸದಲ್ಲಿ ಅರಬಿ, ಕೆಲವರಿಗೆ ಉರ್ದು, ಗಡಿಭಾಗದವರಿಗೆ ಮಲಯಾಳಂ. ಇಷ್ಟು ಭಾಷೆಗಳ ನಡುವೆ ಬೆಳೆದವರಿಗೆ ಅನುವಾದದ ಕಿವಿ ಬೇಗ ಬರುತ್ತದೆ. ಆದರೆ ಈ ಶಕ್ತಿ ನಿಮ್ಮಲ್ಲಿದೆ ಎಂಬುದು ಬೆಂಗಳೂರಿನಲ್ಲೋ ದುಬೈಯಲ್ಲೋ ಕುಳಿತು ಕೆಲಸ ಕೊಡುವವರಿಗೆ ಹೇಗೆ ಗೊತ್ತಾಗಬೇಕು? ವೆಬ್‌ಸೈಟ್‌ನ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಓದುಗರನ್ನು ತಾವೇ ತಲುಪಿದ ಲೇಖಕರು

ತನ್ನ ಬರಹಕ್ಕೆ ತನ್ನದೇ ಒಂದು ನೆಲೆ ಬೇಕು ಎಂಬ ಯೋಚನೆ ಇಂಟರ್‌ನೆಟ್‌ಗಿಂತ ಹಳೆಯದು. ಕನ್ನಡದ ಆರಂಭ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ನಮ್ಮ ಭಾಗದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು ನಾಡಿನ ಗಮನ ಸೆಳೆಯಿತು. ಮುಂದೆ 1994ರಲ್ಲಿ ಅವರು 'ಚಂದ್ರಗಿರಿ ಪ್ರಕಾಶನ' ಆರಂಭಿಸಿ ತಮ್ಮ ಪುಸ್ತಕಗಳನ್ನು ತಾವೇ ಹೊರತಂದರು.

ಈ ಎರಡು ಹೆಜ್ಜೆಗಳ ಕ್ರಮವನ್ನು ಗಮನಿಸಿ. ಮೊದಲು ಪತ್ರಿಕೆಯ ಮೂಲಕ ಓದುಗರು ಸಿಕ್ಕರು. ಆಮೇಲೆ ಸ್ವಂತ ಪ್ರಕಾಶನ ಬಂತು. ಪತ್ರಿಕೆ ಓದುಗರನ್ನು ಕೊಟ್ಟಿತು, ಪ್ರಕಾಶನ ಆ ಬರಹಗಳಿಗೆ ಒಂದು ಸ್ಥಿರ ವಿಳಾಸ ಕೊಟ್ಟಿತು. ಇಂದಿನ ಬರಹಗಾರರಿಗೆ ವೆಬ್‌ಸೈಟ್ ಮಾಡಿಕೊಡುವುದು ಇದೇ ಎರಡನೆಯ ಕೆಲಸವನ್ನು.

ವೆಬ್‌ಸೈಟ್‌ಗೆ ಏನೇನು ಬೇಕು?

ವೆಬ್‌ಸೈಟ್‌ನಲ್ಲಿ ಮೂರು ಭಾಗಗಳಿವೆ. ಮನೆ ಕಟ್ಟುವ ಉದಾಹರಣೆ ತೆಗೆದುಕೊಂಡರೆ ಸುಲಭವಾಗಿ ಅರ್ಥವಾಗುತ್ತದೆ.

ಒಂದು, ವಿಳಾಸ. ಇದನ್ನು ಡೊಮೈನ್ ಹೆಸರು ಎನ್ನುತ್ತಾರೆ. ಡಾಟ್ ಕಾಮ್, ಡಾಟ್ ಇನ್ ಎಂದು ಕೊನೆಯಾಗುವ ಹೆಸರುಗಳನ್ನು ನೀವು ನೋಡಿದ್ದೀರಿ. ಜಗತ್ತಿನ ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರಲ್ಲಿ. ಭಾರತದ ಡಾಟ್ ಇನ್ ಹೆಸರುಗಳ ನಿರ್ವಹಣೆಯನ್ನು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ನೋಡಿಕೊಳ್ಳುತ್ತದೆ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಎಂದು ಕೊನೆಯಾಗುವ ವಿಳಾಸವೂ ಇದೆ. ಡೊಮೈನ್ ಹೆಸರು ಒಮ್ಮೆ ಕೊಂಡರೆ ಶಾಶ್ವತವಾಗಿ ನಮ್ಮದಾಗುವುದಿಲ್ಲ. ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ನವೀಕರಿಸದಿದ್ದರೆ ಕೆಲವು ದಿನಗಳ ನಂತರ ಅದೇ ಹೆಸರನ್ನು ಬೇರೆಯವರು ಕೊಳ್ಳಬಹುದು.

ಎರಡು, ಜಾಗ. ನಿಮ್ಮ ಬರಹ, ಚಿತ್ರಗಳ ಕಡತಗಳು ಇಂಟರ್‌ನೆಟ್‌ಗೆ ಸದಾ ಜೋಡಿಸಿಕೊಂಡಿರುವ ಒಂದು ಕಂಪ್ಯೂಟರಿನಲ್ಲಿ ಇರಬೇಕು. ಇದಕ್ಕೆ ಹೋಸ್ಟಿಂಗ್ ಎಂದು ಹೆಸರು.

ಮೂರು, ಕಟ್ಟಡ. ಪುಟಗಳನ್ನು ಜೋಡಿಸಲು ಒಂದು ತಂತ್ರಾಂಶ ಬೇಕು. 2003ರಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ಇವುಗಳಲ್ಲಿ ಬಹಳ ಪ್ರಸಿದ್ಧ. ಅದು ಉಚಿತ ತಂತ್ರಾಂಶ. ಗೂಗಲ್ ಒಡೆತನದ ಬ್ಲಾಗರ್ ಇನ್ನೂ ಸರಳ. ಅಲ್ಲಿ ಜಾಗವೂ ಉಚಿತ, ನೀವು ಕೊಂಡ ಸ್ವಂತ ವಿಳಾಸವನ್ನು ಅದಕ್ಕೆ ಜೋಡಿಸಲು ಬೇರೆ ಶುಲ್ಕವೂ ಇಲ್ಲ. ಇದನ್ನು ನೆನಪಿಡಿ, ಮುಂದೆ ಲೆಕ್ಕ ಹಾಕುವಾಗ ಬೇಕಾಗುತ್ತದೆ.

ಪ್ರಯೋಜನ ಒಂದು: ಹೆಸರಿಗೊಂದು ಗುರುತು

ನಮ್ಮಲ್ಲಿ ಒಂದೇ ಹೆಸರಿನವರು ಬಹಳ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲೇ ಒಂದೇ ಹೆಸರಿನ ಇಬ್ಬರು ಮೂವರು ಇರುವುದು ಸಾಮಾನ್ಯ. ಅದರ ಮೇಲೆ ಕಾಗುಣಿತದ ಸಮಸ್ಯೆ. ಮುಹಮ್ಮದ್, ಮೊಹಮ್ಮದ್, ಮಹಮ್ಮದ್, ಮಹಮದ್ ಎಂದು ಕನ್ನಡದಲ್ಲೇ ನಾಲ್ಕು ಬಗೆ. ಇಂಗ್ಲಿಷಿನಲ್ಲಿ ಇನ್ನೂ ಹೆಚ್ಚು. ಆಯಿಷಾ, ಆಯಿಶ, ಆಯೇಷಾ ಎಂಬುದೂ ಹಾಗೆಯೇ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪತ್ರಿಕೆಯಲ್ಲಿ ಸಂಪಾದಕರು ಹಾಕಿದ್ದು ಮತ್ತೊಂದು.

ನಿಮ್ಮ ಲೇಖನ ಓದಿ ಮೆಚ್ಚಿದ ಒಬ್ಬ ಸಂಪಾದಕರು ಇನ್ನೊಂದು ಲೇಖನ ಕೇಳಬೇಕೆಂದು ನಿಮ್ಮ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದು ಅದೇ ಹೆಸರಿನ ಬೇರೆ ಯಾರೋ. ಒಂದು ಕಾಗುಣಿತವನ್ನು ಆಯ್ದುಕೊಂಡು, ಎಲ್ಲ ಬರಹಗಳಿಗೂ ಅದನ್ನೇ ಬಳಸಿ, ಅದೇ ಹೆಸರಿನ ವೆಬ್‌ಸೈಟ್‌ನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಗಳಲ್ಲಿ ಹೆಸರು ಬರೆದಿಟ್ಟರೆ ಈ ಗೊಂದಲ ಬಹಳಮಟ್ಟಿಗೆ ಕಡಿಮೆಯಾಗುತ್ತದೆ. ಹೆಸರಿನ ಜೊತೆ ಊರಿನ ಹೆಸರನ್ನು ಸೇರಿಸಿಕೊಳ್ಳುವ ನಮ್ಮ ಹಳೆಯ ರೂಢಿಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೋಳುವಾರು, ಕಟಪಾಡಿ ಎಂದೊಡನೆ ಕನ್ನಡ ಓದುಗರಿಗೆ ಯಾವ ಲೇಖಕರು ಎಂದು ತಿಳಿಯುತ್ತದಲ್ಲ, ಹಾಗೆ.

ಪ್ರಯೋಜನ ಎರಡು: ಮಾದರಿಗಳು ಒಂದೇ ಕಡೆ

ಕೆಲಸ ಕೊಡುವವರು ಮೊದಲು ಕೇಳುವುದು "ನೀವು ಬರೆದದ್ದು ಏನಾದರೂ ಕಳುಹಿಸಿ" ಎಂದು. ಆಗ ವಾಟ್ಸ್‌ಆ್ಯಪ್‌ನಲ್ಲಿ ಪತ್ರಿಕೆಯ ತುಣುಕಿನ ಮಸುಕಾದ ಫೋಟೋ, ಒಂದು ಪಿಡಿಎಫ್, ಮೂರು ಲಿಂಕ್ ಹೀಗೆ ಚೂರುಚೂರಾಗಿ ಕಳುಹಿಸುವವರಿದ್ದಾರೆ. ನೋಡುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅದರ ಬದಲು ಒಂದೇ ವಿಳಾಸ ಕಳುಹಿಸಿ, ಅಲ್ಲಿ ಆರೋಗ್ಯ, ಶಿಕ್ಷಣ, ಅನುವಾದ ಎಂದು ವಿಂಗಡಿಸಿದ ಐದಾರು ಒಳ್ಳೆಯ ಬರಹಗಳಿದ್ದರೆ ಅವರ ನಿರ್ಧಾರ ಸುಲಭವಾಗುತ್ತದೆ.

ನನ್ನ ಅನುಭವ ಹೇಳುವುದಾದರೆ, ವೆಬ್‌ಸೈಟ್ ನೋಡಿಯೇ ಮೊದಲ ಬಾರಿಗೆ ನನ್ನನ್ನು ಸಂಪರ್ಕಿಸಿದವರು ಬೆರಳೆಣಿಕೆಯಷ್ಟು. ಹೆಚ್ಚಿನ ಕೆಲಸ ಬಂದದ್ದು ಪರಿಚಯದವರ ಮಾತಿನಿಂದ ಮತ್ತು ನಾನೇ ಬರೆದ ಪತ್ರಗಳಿಂದ. ಆದರೆ ಹಾಗೆ ಬಂದವರೂ ಕೆಲಸ ಒಪ್ಪಿಸುವ ಮೊದಲು "ನಿಮ್ಮ ವೆಬ್‌ಸೈಟ್ ನೋಡಿದೆ" ಎಂದದ್ದು ಹಲವು ಬಾರಿ. ವೆಬ್‌ಸೈಟ್ ಗಿರಾಕಿಯನ್ನು ಕರೆತರುವುದು ಅಪರೂಪ. ಬಾಗಿಲವರೆಗೆ ಬಂದ ಗಿರಾಕಿ ಒಳಗೆ ಬರುವಂತೆ ಮಾಡುವುದು ಅದರ ಮುಖ್ಯ ಕೆಲಸ.

ಪ್ರಯೋಜನ ಮೂರು: ಬಾಡಿಗೆ ಜಾಗದ ಭಯವಿಲ್ಲ

"ಇನ್‌ಸ್ಟಾಗ್ರಾಂ ಇದೆಯಲ್ಲ, ಫೇಸ್‌ಬುಕ್ ಇದೆಯಲ್ಲ, ವೆಬ್‌ಸೈಟ್ ಯಾಕೆ?" ಎಂದು ನೀವು ಕೇಳಬಹುದು. ಅಲ್ಲಿ ಓದುಗರು ಇದ್ದಾರೆ ಎಂಬುದು ನಿಜ. ಆದರೆ ಅದು ಬಾಡಿಗೆ ಜಾಗ. ನಿಮ್ಮ ಅಣ್ಣ ಅಕ್ಕಂದಿರನ್ನು ಆರ್ಕುಟ್ ಬಗ್ಗೆ ಕೇಳಿ ನೋಡಿ. ಭಾರತದಲ್ಲಿ ಬಹಳ ಜನಪ್ರಿಯವಾಗಿದ್ದ ಆ ತಾಣವನ್ನು ಗೂಗಲ್ 30 ಸೆಪ್ಟೆಂಬರ್ 2014ರಂದು ಮುಚ್ಚಿತು. ಅದೇ ಸಂಸ್ಥೆಯ ಗೂಗಲ್ ಪ್ಲಸ್ 2019ರಲ್ಲಿ ಸಾರ್ವಜನಿಕ ಬಳಕೆಗೆ ಮುಚ್ಚಿತು. ಜನರು ಉಚಿತವಾಗಿ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೋಸಿಟೀಸ್ ಎಂಬ ತಾಣವನ್ನು ಯಾಹೂ 2009ರಲ್ಲಿ ಮುಚ್ಚಿದಾಗ ಅಸಂಖ್ಯ ಪುಟಗಳು ಕಣ್ಮರೆಯಾದವು. 29 ಜೂನ್ 2020ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದ್ದು ನಿಮಗೂ ನೆನಪಿರಬಹುದು. ಅಲ್ಲಿ ಲಕ್ಷಾಂತರ ನೋಡುಗರನ್ನು ಗಳಿಸಿದ್ದವರು ಹೊಸ ಜಾಗದಲ್ಲಿ ಮೊದಲಿನಿಂದ ಶುರು ಮಾಡಬೇಕಾಯಿತು.

ಪತ್ರಿಕೆ ಮತ್ತು ಸುದ್ದಿ ತಾಣಗಳ ವಿಷಯದಲ್ಲೂ ಹೀಗಾಗುತ್ತದೆ. ನಾನು ಎರಡು ವರ್ಷ ಬರೆದಿದ್ದ ಒಂದು ಕನ್ನಡ ಸುದ್ದಿ ತಾಣ ಯಾವ ಸೂಚನೆಯೂ ಇಲ್ಲದೆ ನಿಂತುಹೋಯಿತು. ಅಲ್ಲಿನ ಎಲ್ಲ ಲಿಂಕ್‌ಗಳೂ ಸತ್ತುಹೋದವು. ಮೂಲ ಪ್ರತಿಗಳು ನನ್ನ ಬಳಿ ಇದ್ದವು, ಅವುಗಳಲ್ಲಿ ಆಯ್ದ ಕೆಲವನ್ನು ನನ್ನ ವೆಬ್‌ಸೈಟ್‌ಗೆ ಹಾಕಿಕೊಂಡೆ. ನನ್ನ ಜೊತೆ ಅಲ್ಲಿ ಬರೆಯುತ್ತಿದ್ದ ಗೆಳತಿಯೊಬ್ಬಳು ತಾಣದೊಳಗೇ ನೇರವಾಗಿ ಟೈಪ್ ಮಾಡುತ್ತಿದ್ದಳು. ಅವಳ ಬಳಿ ತೋರಿಸಲು ಒಂದು ಸಾಲೂ ಉಳಿಯಲಿಲ್ಲ. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯ 'ವೇಬ್ಯಾಕ್ ಮಷೀನ್' ಹಳೆಯ ವೆಬ್ ಪುಟಗಳ ಪ್ರತಿಗಳನ್ನು ಕಾಪಿಡುತ್ತದೆ. ಅಲ್ಲಿ ಹುಡುಕಿದಾಗ ಅವಳ ಎರಡು ಲೇಖನಗಳು ಮಾತ್ರ ಸಿಕ್ಕವು.

ಪ್ರಯೋಜನ ನಾಲ್ಕು: ಕನ್ನಡ ಬರಹ ಹುಡುಕಿದರೆ ಸಿಗುತ್ತದೆ

ಇದು ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ತಿಳಿಯಬೇಕಾದ ವಿಷಯ. ನಮ್ಮಲ್ಲಿ ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುವ ಪದ್ಧತಿ ಇತ್ತು, ಮುದ್ರಣಾಲಯಗಳಲ್ಲಿ ಈಗಲೂ ಇದೆ. ಆ ಬಗೆಯ ಕಡತದಲ್ಲಿ ಕಣ್ಣಿಗೆ ಕನ್ನಡ ಕಂಡರೂ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಹೀಗೆ ಉಳಿದ ಬರಹವನ್ನು ಗೂಗಲ್ ಕನ್ನಡ ಎಂದು ಗುರುತಿಸುವುದಿಲ್ಲ.

ಯುನಿಕೋಡ್ ಎಂಬುದು ಜಗತ್ತಿನ ಬಹುತೇಕ ಲಿಪಿಗಳ ಅಕ್ಷರಗಳಿಗೆ ಪ್ರತ್ಯೇಕ ಸಂಖ್ಯೆ ಕೊಟ್ಟ ವ್ಯವಸ್ಥೆ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಲೇಖನವನ್ನು ಯಾವ ಮೊಬೈಲಿನಲ್ಲೂ ಓದಬಹುದು, ಕನ್ನಡದಲ್ಲೇ ಹುಡುಕಬಹುದು. ನಾವು ಇಂದು ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ರೂಪಿಸಿದವರು ನಮ್ಮ ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಎಂಬುದನ್ನು ಇಲ್ಲಿ ನೆನೆಯಬೇಕು. ಪತ್ರಿಕೆಯಲ್ಲಿ ಅಚ್ಚಾದ ನಿಮ್ಮ ಲೇಖನವನ್ನು ಫೋಟೋ ತೆಗೆದು ಹಾಕುವ ಬದಲು ಯುನಿಕೋಡ್ ಪಠ್ಯವಾಗಿ ನಿಮ್ಮ ವೆಬ್‌ಸೈಟ್‌ನಲ್ಲಿ ಇಟ್ಟರೆ, 'ಬ್ಯಾರಿ ಮದುವೆಯ ಹಾಡು' ಎಂದೋ 'ಮೀನುಗಾರರ ವಿಮೆ' ಎಂದೋ ಹುಡುಕುವ ಅಪರಿಚಿತರಿಗೂ ಅದು ಸಿಗುವ ಸಾಧ್ಯತೆ ಇದೆ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಇಂಥ ವಿಷಯಗಳ ಮೇಲಿನ ಪುಟಗಳು ಕಡಿಮೆ. ಹಾಗಾಗಿ ಒಂದು ಒಳ್ಳೆಯ ಪುಟ ಕಣ್ಣಿಗೆ ಬೀಳುವುದು ಇಲ್ಲಿ ಸುಲಭ.

ಒಂದು ಪ್ರಸಿದ್ಧ ಉದಾಹರಣೆ

'ದಿ ಮಾರ್ಷಿಯನ್' ಸಿನಿಮಾವನ್ನು ವಿಜ್ಞಾನ ವಿಭಾಗದ ಕೆಲವರು ನೋಡಿರಬಹುದು. ಮಂಗಳ ಗ್ರಹದಲ್ಲಿ ಒಬ್ಬಂಟಿಯಾಗಿ ಉಳಿದ ಗಗನಯಾತ್ರಿಯ ಕತೆ. ಅದರ ಲೇಖಕ ಅಮೆರಿಕದ ಆ್ಯಂಡಿ ವಿಯರ್ ವೃತ್ತಿಯಿಂದ ಕಂಪ್ಯೂಟರ್ ಪ್ರೋಗ್ರಾಮರ್. ಆ ಕಾದಂಬರಿಯನ್ನು ಅವರು ತಮ್ಮ ಸ್ವಂತ ವೆಬ್‌ಸೈಟ್‌ನಲ್ಲಿ ಒಂದೊಂದೇ ಅಧ್ಯಾಯವಾಗಿ ಉಚಿತವಾಗಿ ಹಾಕಿದರು. ವಿಜ್ಞಾನ ಬಲ್ಲ ಓದುಗರು ಲೆಕ್ಕಗಳಲ್ಲಿದ್ದ ತಪ್ಪುಗಳನ್ನು ಬರೆದು ತಿಳಿಸಿದರು, ಅವರು ತಿದ್ದಿದರು. ಓದುಗರ ಕೋರಿಕೆಯ ಮೇರೆಗೆ 2011ರಲ್ಲಿ ಅಮೆಜಾನ್ ಕಿಂಡಲ್‌ನಲ್ಲಿ 99 ಸೆಂಟ್‌ಗಳ ಬೆಲೆಗೆ ಇಟ್ಟರು. ಅದು ಚೆನ್ನಾಗಿ ಮಾರಾಟವಾಗಿ ದೊಡ್ಡ ಪ್ರಕಾಶಕರ ಗಮನಕ್ಕೆ ಬಂತು. 2014ರಲ್ಲಿ ಮುದ್ರಿತ ಪುಸ್ತಕವಾಯಿತು, 2015ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶನದಲ್ಲಿ ಸಿನಿಮಾ ಆಯಿತು.

ಇಂಥ ಕತೆಯನ್ನು ಕೇಳಿ "ವೆಬ್‌ಸೈಟ್ ಮಾಡಿದರೆ ಸಾಕು" ಎಂದುಕೊಳ್ಳಬಾರದು. ಅವರು ಆ ಕಾದಂಬರಿಗಿಂತ ಮೊದಲೂ ವರ್ಷಗಳ ಕಾಲ ಬರೆದು ತಮ್ಮ ತಾಣದಲ್ಲಿ ಹಾಕುತ್ತಿದ್ದರು. ಕಾದಂಬರಿ ಶುರುವಾಗುವಾಗಲೇ ಒಂದಿಷ್ಟು ಓದುಗರ ಬಳಗ ಅವರಿಗಿತ್ತು. ಜೊತೆಗೆ ಅವರಿಗೆ ಬೇರೆ ಉದ್ಯೋಗದ ಸಂಬಳವೂ ಇತ್ತು. ನಿಯಮಿತ ಬರವಣಿಗೆ, ಓದುಗರ ತಿದ್ದುಪಡಿ, ತಾಳ್ಮೆ ಈ ಮೂರೂ ಸೇರಿದಾಗ ವೆಬ್‌ಸೈಟ್ ಫಲ ಕೊಟ್ಟಿತು.

ವೆಬ್‌ಸೈಟ್‌ನಿಂದ ಆಗದ ಕೆಲಸಗಳು

ಮೊದಲನೆಯದಾಗಿ, ಅದು ಬರವಣಿಗೆಯನ್ನು ಸುಧಾರಿಸುವುದಿಲ್ಲ. ತಿದ್ದುವ ಸಂಪಾದಕರು ಅಲ್ಲಿಲ್ಲ. ಆದ್ದರಿಂದ ಕಲಿಯುವ ಹಂತದಲ್ಲಿರುವವರು ಕಾಲೇಜಿನ ವಾರ್ತಾಪತ್ರ, ಪತ್ರಿಕೆಯ ಓದುಗರ ಓಲೆ, ವಿದ್ಯಾರ್ಥಿ ಪುಟ ಇವುಗಳಿಗೆ ಬರೆಯುವುದೇ ಮೇಲು. ಬೇರೆಯವರು ತಿದ್ದಿ ಪ್ರಕಟಿಸಿದ ಒಂದು ಲೇಖನಕ್ಕೆ ನಾವೇ ಪ್ರಕಟಿಸಿಕೊಂಡ ಹತ್ತು ಲೇಖನಗಳಿಗಿಂತ ಹೆಚ್ಚು ಬೆಲೆ.

ಎರಡನೆಯದಾಗಿ, ಅದು ಹಾಗೆಯೇ ಬಿಟ್ಟರೆ ಹೆಸರು ಕೆಡಿಸುತ್ತದೆ. ಮೂರು ವರ್ಷದ ಹಿಂದಿನ ಕೊನೆಯ ಲೇಖನ, ತೆರೆಯದ ಲಿಂಕ್, ಕಾಗುಣಿತ ತಪ್ಪುಗಳು ಇವನ್ನು ಕಂಡವರು "ಇವರು ಈಗ ಬರೆಯುವುದಿಲ್ಲವೇನೋ" ಎಂದು ಮುಂದೆ ಹೋಗುತ್ತಾರೆ. ಬರಹಗಾರರ ವೆಬ್‌ಸೈಟ್‌ನಲ್ಲಿ ಕಾಗುಣಿತ ತಪ್ಪಿದ್ದರೆ ದರ್ಜಿಯ ಅಂಗಿಗೆ ಗುಂಡಿ ಇಲ್ಲದ ಹಾಗೆ.

ಮೂರನೆಯದಾಗಿ, ಎಲ್ಲ ಬಗೆಯ ಬರಹಗಾರರಿಗೂ ಅದು ಬೇಕಿಲ್ಲ. ಬೇರೆಯವರ ಹೆಸರಿನಲ್ಲಿ ಭಾಷಣ, ಪುಸ್ತಕ ಬರೆದುಕೊಡುವವರು ತಮ್ಮ ಕೆಲಸವನ್ನು ತೋರಿಸುವಂತಿಲ್ಲ. ಎರಡು ಮೂರು ಪ್ರಕಾಶಕರಿಗೆ ವರ್ಷವಿಡೀ ಅನುವಾದ ಮಾಡುವಷ್ಟು ಕೆಲಸ ಇರುವವರಿಗೆ ಹೊಸ ಗಿರಾಕಿಯ ಅಗತ್ಯವೇ ಇಲ್ಲ.

ಲಾಭ ನಷ್ಟದ ಲೆಕ್ಕ

ಈಗ ನಮ್ಮ ಪಠ್ಯದ ಎರಡು ಪರಿಕಲ್ಪನೆಗಳನ್ನು ಬಳಸೋಣ. ಒಂದು ಅವಕಾಶ ವೆಚ್ಚ, ಇನ್ನೊಂದು ಸಮತೋಲನ ಬಿಂದು, ಅಂದರೆ ಲಾಭವೂ ನಷ್ಟವೂ ಇಲ್ಲದ ಹಂತ. ಕೆಳಗಿನ ಅಂಕಿಗಳು ಲೆಕ್ಕ ಕಲಿಯಲು ನಾನು ಊಹಿಸಿಕೊಂಡವು. ನಿಜವಾದ ದರ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ಫಾತಿಮಾ ಎಂಬ ಅನುವಾದಕಿ ಒಂದು ಪುಟಕ್ಕೆ 300 ರೂಪಾಯಿ ಪಡೆಯುತ್ತಾಳೆ, ಒಂದು ಪುಟಕ್ಕೆ ಒಂದು ಗಂಟೆ ಬೇಕು ಎಂದುಕೊಳ್ಳಿ. ಅವಳು ಡೊಮೈನ್‌ಗೆ ವರ್ಷಕ್ಕೆ 900 ರೂಪಾಯಿ, ಹೋಸ್ಟಿಂಗ್‌ಗೆ 3,000 ರೂಪಾಯಿ ಕೊಟ್ಟು ವೆಬ್‌ಸೈಟ್ ಕಟ್ಟಿದಳು. ನಗದು ವೆಚ್ಚ 3,900. ಇದನ್ನು 300ರಿಂದ ಭಾಗಿಸಿದರೆ 13. ಅಂದರೆ ವೆಬ್‌ಸೈಟ್‌ನಿಂದಾಗಿ 13 ಪುಟಗಳ ಹೆಚ್ಚುವರಿ ಕೆಲಸ ಬಂದರೆ ಖರ್ಚು ಸರಿಹೋಗುತ್ತದೆ. ಸುಲಭವೆನಿಸುತ್ತದೆ.

ಆದರೆ ವೆಬ್‌ಸೈಟ್ ಕಟ್ಟಲು ಅವಳಿಗೆ 30 ಗಂಟೆ ಹಿಡಿಯಿತು. ಆ ಹೊತ್ತಿನಲ್ಲಿ ಕೈಯಲ್ಲಿದ್ದ ಕೆಲಸ ಮಾಡಿದ್ದರೆ 30 ಪುಟ ಅನುವಾದಿಸಿ 9,000 ರೂಪಾಯಿ ಗಳಿಸಬಹುದಿತ್ತು. ಇದು ಅವಕಾಶ ವೆಚ್ಚ. ಒಟ್ಟು 12,900. ಈಗ ಸಮತೋಲನ ಬಿಂದು 43 ಪುಟ.

ಅದೇ ಫಾತಿಮಾ ಡೊಮೈನ್ ಮಾತ್ರ ಕೊಂಡು, ಉಚಿತ ಬ್ಲಾಗರ್‌ಗೆ ಜೋಡಿಸಿ, ನಾಲ್ಕೇ ಪುಟಗಳ ಸರಳ ತಾಣವನ್ನು 10 ಗಂಟೆಯಲ್ಲಿ ಮುಗಿಸಿದ್ದರೆ? ನಗದು 900, ಅವಕಾಶ ವೆಚ್ಚ 3,000, ಒಟ್ಟು 3,900. ಸಮತೋಲನ ಬಿಂದು 13 ಪುಟ. ದುಬಾರಿಯಾದದ್ದು ಹೋಸ್ಟಿಂಗ್‌ಗಿಂತ ಹೆಚ್ಚಾಗಿ ಸಮಯ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ಬಣ್ಣ, ಫಾಂಟ್, ವಿನ್ಯಾಸ ಎಂದು ವಾರಗಟ್ಟಲೆ ಕಳೆಯುವವರು ತಿಳಿಯದೆ ಕಳೆದುಕೊಳ್ಳುವುದು ಇದನ್ನೇ. ಇನ್ನೊಂದು ಕಡೆ, ಕೈಯಲ್ಲಿ ಕೆಲಸವೇ ಇಲ್ಲದ ರಜೆಯ ದಿನಗಳಲ್ಲಿ ಕಟ್ಟಿದರೆ ಅವಕಾಶ ವೆಚ್ಚ ಬಹಳ ಕಡಿಮೆ. ಹಾಗಾಗಿ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆ ಸೂಕ್ತ ಕಾಲ.

ಫಲ ಬಂತೋ ಇಲ್ಲವೋ ತಿಳಿಯಲು ಒಂದು ಸರಳ ದಾರಿ: ಹೊಸದಾಗಿ ಕೆಲಸ ಕೊಟ್ಟ ಪ್ರತಿಯೊಬ್ಬರನ್ನೂ "ನನ್ನ ಬಗ್ಗೆ ಹೇಗೆ ತಿಳಿಯಿತು?" ಎಂದು ಕೇಳಿ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ವರ್ಷದ ಕೊನೆಗೆ ಉತ್ತರ ಅದರಲ್ಲೇ ಇರುತ್ತದೆ.

ಕಾನೂನಿನ ಎರಡು ವಿಷಯ

ಪತ್ರಿಕೆಯಲ್ಲಿ ಬಂದ ಲೇಖನವನ್ನು ನಮ್ಮ ವೆಬ್‌ಸೈಟ್‌ಗೆ ಹಾಕಬಹುದೇ? ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರ 17ನೇ ಕಲಮಿನ ಪ್ರಕಾರ ಬರಹದ ಮೊದಲ ಮಾಲೀಕರು ಅದನ್ನು ಬರೆದವರು. ಸಂಬಳದ ನೌಕರರ ವಿಷಯದಲ್ಲಿ ಬೇರೆ ನಿಯಮಗಳಿವೆ. ಫ್ರೀಲಾನ್ಸ್ ಬರಹಗಾರರು ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ 19ನೇ ಕಲಮಿನ ಪ್ರಕಾರ ಅದು ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಎಷ್ಟೆಂದು ಬರೆಯದಿದ್ದರೆ 5 ವರ್ಷ ಎಂದು ಪರಿಗಣಿಸಲಾಗುತ್ತದೆ. ಹಕ್ಕು ವರ್ಗಾಯಿಸಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಮು ಉಳಿಸಿಕೊಡುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಕಾಗದವನ್ನು ಪೂರ್ತಿ ಓದಿ. ಲೇಖನ ಕಳುಹಿಸುವಾಗಲೇ "ಪ್ರಕಟವಾದ ನಂತರ ನನ್ನ ವೆಬ್‌ಸೈಟ್‌ನಲ್ಲಿ ಹಾಕಿಕೊಳ್ಳಬಹುದೇ?" ಎಂದು ಒಂದು ಸಾಲು ಕೇಳಿಬಿಡಿ. ಪುಟ ವಿನ್ಯಾಸ, ಛಾಯಾಚಿತ್ರ ನಿಮ್ಮದಲ್ಲ, ಅವನ್ನು ನಕಲು ಮಾಡಬೇಡಿ.

ಇನ್ನೊಂದು, ವಯಸ್ಸಿನ ವಿಷಯ. ಭಾರತೀಯ ಕರಾರು ಕಾಯ್ದೆ 1872ರ 11ನೇ ಕಲಮು ಹೇಳುವಂತೆ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. 1903ರ ಮೋಹರಿ ಬೀಬಿ ಮತ್ತು ಧರ್ಮದಾಸ್ ಘೋಷ್ ನಡುವಿನ ಮೊಕದ್ದಮೆಯಲ್ಲಿ ಅಪ್ರಾಪ್ತರ ಕರಾರು ಮೂಲದಲ್ಲೇ ಶೂನ್ಯ ಎಂದು ತೀರ್ಪಾಗಿದೆ. ನಿಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ. ಡೊಮೈನ್ ಕೊಳ್ಳುವುದು, ಸಂಭಾವನೆಯ ಒಪ್ಪಂದ ಮಾಡಿಕೊಳ್ಳುವುದು ತಂದೆ ತಾಯಿಯ ತಿಳಿವಳಿಕೆಯಲ್ಲಿ, ಅವರ ಮೂಲಕ ನಡೆಯಲಿ. ಡೊಮೈನ್ ನಿಮ್ಮ ಮನೆಯವರ ಹೆಸರಿನಲ್ಲೇ ಇರಬೇಕು, ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿ ಬೇಡ. ಅವರು ಊರು ಬಿಟ್ಟರೆ ವಿಳಾಸವೂ ಅವರೊಂದಿಗೆ ಹೋಗುತ್ತದೆ.

ಸುರಕ್ಷತೆಯ ಒಂದು ಮಾತನ್ನೂ ಸೇರಿಸುತ್ತೇನೆ. ಮನೆಯ ವಿಳಾಸ, ಮೊಬೈಲ್ ಸಂಖ್ಯೆ ಹಾಕಬೇಡಿ. ಸಂಪರ್ಕಕ್ಕೆ ಇದಕ್ಕಾಗಿಯೇ ತೆರೆದ ಒಂದು ಇಮೇಲ್ ಸಾಕು. ಫೋಟೋ ಹಾಕಲೇಬೇಕೆಂಬ ನಿಯಮ ಇಲ್ಲ. ಕಾವ್ಯನಾಮದಲ್ಲಿ ಬರೆಯುವ ಸಂಪ್ರದಾಯ ಕನ್ನಡದಲ್ಲಿ ಬಹಳ ಹಿಂದಿನಿಂದ ಇದೆ. ಜನರು ನೋಡಲು ಬರುವುದು ನಿಮ್ಮ ಬರಹವನ್ನು.

ಹಾಗಾದರೆ ಯಾವಾಗ?

ನನ್ನ ಸಲಹೆ ಹೀಗಿದೆ. ಬೇರೆಯವರು ಪ್ರಕಟಿಸಿದ ಐದು ಬರಹಗಳು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ವೆಬ್‌ಸೈಟ್‌ನ ಯೋಚನೆ ಸದ್ಯಕ್ಕೆ ಬೇಡ. ಪ್ರತಿ ಬರಹದ ಮೂಲ ಪ್ರತಿಯನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ, ದಿನಾಂಕ ಹಾಕಿ, ಎರಡು ಕಡೆ ಉಳಿಸಿಡಿ. ಐದು ಬರಹಗಳಾದ ಮೇಲೆ, ತಿಂಗಳಿಗೆ ಒಮ್ಮೆಯಾದರೂ ಹೊಸದೇನಾದರೂ ಹಾಕುವ ಮನಸ್ಸಿದ್ದರೆ, ಸ್ವಂತ ಡೊಮೈನ್ ಕೊಂಡು ಉಚಿತ ಜಾಗಕ್ಕೆ ಜೋಡಿಸಿ ಸಣ್ಣದಾಗಿ ಆರಂಭಿಸಿ. ನಾಲ್ಕು ಪುಟ ಸಾಕು: ನನ್ನ ಪರಿಚಯ, ಆಯ್ದ ಬರಹಗಳು, ನಾನು ಮಾಡುವ ಕೆಲಸಗಳು, ಸಂಪರ್ಕ. ಇದರಿಂದ ಸಂಪಾದನೆ ಬರತೊಡಗಿದ ಮೇಲೆ ಹಣ ಕೊಟ್ಟು ಹೋಸ್ಟಿಂಗ್ ಪಡೆಯುವ ಯೋಚನೆ ಮಾಡಬಹುದು.

ಚಟುವಟಿಕೆ

1. ನಿಮ್ಮ ಹೆಸರನ್ನು ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು ಪಟ್ಟಿ ಮಾಡಿ. ಬರಹಗಾರರಾಗಿ ಯಾವುದನ್ನು ಬಳಸುವಿರಿ, ಏಕೆ?

2. ನೀವು ಈವರೆಗೆ ಬರೆದ ಯಾವುದಾದರೂ ಪ್ರಬಂಧವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಗೆಳೆಯರಿಂದ ತಿದ್ದಿಸಿ.

3. ಮೇಲಿನ ಲೆಕ್ಕದಲ್ಲಿ ಫಾತಿಮಾಳ ಸಂಭಾವನೆ ಪುಟಕ್ಕೆ 250 ರೂಪಾಯಿ, ವೆಬ್‌ಸೈಟ್ ಕಟ್ಟಲು ಹಿಡಿದ ಸಮಯ 16 ಗಂಟೆ, ನಗದು ವೆಚ್ಚ 1,000 ರೂಪಾಯಿ ಆಗಿದ್ದರೆ ಸಮತೋಲನ ಬಿಂದು ಎಷ್ಟು ಪುಟ?

4. ನಿಮ್ಮ ಪರಿಚಯವನ್ನು 60 ಪದಗಳಲ್ಲಿ ಬರೆಯಿರಿ. ನಿಮಗೆ ಯಾವ ಭಾಷೆಗಳು ಬರುತ್ತವೆ, ಯಾವ ವಿಷಯದ ಬಗ್ಗೆ ಬರೆಯಬಲ್ಲಿರಿ ಎಂಬುದು ಅದರಲ್ಲಿರಲಿ. ಬರೆದದ್ದನ್ನು ನನಗೆ ತಂದು ತೋರಿಸಿ, ತಿದ್ದಿಕೊಡುತ್ತೇನೆ. ಮುಂದೆ ನೀವು ವೆಬ್‌ಸೈಟ್ ಮಾಡಿದರೆ ಅದರ ಮೊದಲ ಪುಟಕ್ಕೆ ಅದೇ ಸಾಕಾಗುತ್ತದೆ.